ಹಿಲ್ಮಿ ಮರೆತ ನಿಕಲ್ ತುಂಡು

ಎಸ್ಕಿಶೆಹಿರ್ ನಗರದ ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದಲ್ಲಿ ಹಿಲ್ಮಿ ಇಪ್ಪತ್ತಾರು ವರ್ಷಗಳಿಂದ ಸಹಾಯಕ. ಬೋರಾನಿನಿಂದ ಮಾಡಿದ ಬಿಳಿ ಹೈಡ್ರೈಡ್ ಪುಡಿಯನ್ನು ನೀರಿಗೆ ಹಾಕಿದರೆ ಜಲಜನಕ ತೂಕಡಿಸುತ್ತ ಹೊರಡುತ್ತದೆ. ಅದನ್ನು ಬೇಗ ಹೊರಡಿಸಲು ಕೋಬಾಲ್ಟ್ ಬೇಕು. ಸ್ಪಂಜಿನಂಥ ನಿಕಲ್ ತುಂಡನ್ನು ಕೋಬಾಲ್ಟಿನ ಕೆಂಪು ದ್ರಾವಣದಲ್ಲಿ ಒಂದು ಗಂಟೆ ನೆನೆಸಿ ಆ ವೇಗವರ್ಧಕವನ್ನು ತಯಾರಿಸುವುದು ಅವನ ಕೆಲಸ.

ಒಂದು ವಸಂತದಲ್ಲಿ ಅವನು ಮಾಡಿದ ಒಂದು ತುಂಡು ಎಲ್ಲರನ್ನೂ ಬೆರಗುಗೊಳಿಸಿತು. ಬೇರೆಯವು ಇಪ್ಪತ್ತು ನಿಮಿಷಕ್ಕೆ ಕೊಡುತ್ತಿದ್ದಷ್ಟು ಅನಿಲವನ್ನು ಅದು ಆರೇ ನಿಮಿಷಕ್ಕೆ ಕೊಟ್ಟಿತು. ಡಾಕ್ಟರೇಟ್ ಮಾಡುತ್ತಿದ್ದ ತೂಲಾಯ್ ಕುಣಿದಾಡಿದಳು. ಆದರೆ ಎರಡು ತಿಂಗಳು ತಿಣುಕಿದರೂ ಅಂಥದ್ದು ಇನ್ನೊಂದು ಆಗಲಿಲ್ಲ. ಪ್ರೊಫೆಸರ್ ಅವಳ ಅಳತೆಯನ್ನೇ ಅನುಮಾನಿಸತೊಡಗಿದರು.

ಒಂದು ಮಧ್ಯಾಹ್ನ ಅವಳು ಅಳತೆಯ ಗಾಜಿನ ಕೊಳವೆಯ ಮುಂದೆ ಕಣ್ಣೊರೆಸಿಕೊಳ್ಳುವುದನ್ನು ಹಿಲ್ಮಿ ಕಂಡ.

"ತಪ್ಪು ನಿಂದಲ್ಲ ಮಗಳೇ. ಲ್ಯಾಬ್ ಪುಸ್ತಕದಲ್ಲಿ ಆ ತುಂಡಿಗೆ ಒಂದು ಗಂಟೆ ಅಂತ ಬರೆದಿದೀನಲ್ಲ, ಅದು ಸುಳ್ಳು."

"ಏನಂದ್ರಿ ಹಿಲ್ಮಿ ಅಣ್ಣ?"

"ಶುಕ್ರವಾರ ನೆನೆಹಾಕಿ ಊಟಕ್ಕೆ ಹೋದೆ. ತೆಗೆದಿದ್ದು ಸೋಮವಾರ."

"ಅಷ್ಟು ಹೊತ್ತು ಎಲ್ಲಿ ಹೋಗಿದ್ರಿ?"

ಹೆಂಡತಿ ನಾಜಿಯೆ ತೀರಿಕೊಂಡು ಆಗ ನಲವತ್ತು ದಿನವೂ ಆಗಿರಲಿಲ್ಲ. ಮಾಂಸ ತುಂಬಿದ ಚಿಬೊರೆಕ್ ಕರಿಯುವ ಅಂಗಡಿಯವನು ಎಂದಿನಂತೆ ಎರಡು ಪಾಲು ಕಟ್ಟಿಕೊಟ್ಟಿದ್ದ. ಇವನೂ ಬೇಡವೆನ್ನಲಿಲ್ಲ. ಮನೆಯಲ್ಲಿ ಎರಡು ತಟ್ಟೆ ಇಟ್ಟು ಕೂತವನಿಗೆ ಮತ್ತೆ ಏಳಲಾಗಲಿಲ್ಲ.

"ಮನೇಲೇ ಕೂತುಬಿಟ್ಟೆ ಕಣಮ್ಮ. ಯಾಕೆ ಅಂತ ಯಾರ ಹತ್ರ ಹೇಳ್ಲಿ? ನಾಚಿಕೆಯಾಯ್ತು."

"ಎರಡು ತಿಂಗಳು ನನ್ನ ಜೀವ ತಿಂದ್ರಲ್ಲ!" ಎಂದು ತೂಲಾಯ್ ರೇಗಿ ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಎರಡು ಲೋಟ ಟೀ ಹಿಡಿದು ವಾಪಸ್ ಬಂದಳು.

ಎಪ್ಪತ್ತು ಗಂಟೆ ನೆನೆದ ಹೊಸ ತುಂಡು ಆರು ನಿಮಿಷಕ್ಕೇ ಕೆಲಸ ಮುಗಿಸಿತು. ಇದು ಹೇಗೆ ಹೊಳೆಯಿತೆಂದು ಪ್ರೊಫೆಸರ್ ಕೇಳಿದರು.

"ಒಂದ್ಸಲ ಮರೆತುಬಿಟ್ಟಿದ್ವಿ ಮೇಷ್ಟ್ರೇ," ಎಂದಳು ತೂಲಾಯ್.

ಆ ಸಂಜೆ ಹಿಲ್ಮಿಯನ್ನು ಊಟಕ್ಕೆ ಕರೆದಳು. "ಭಾನುವಾರ ಬನ್ನಿ, ಅಮ್ಮ ಮಾಂತಿ ಕಡುಬು ಮಾಡ್ತಾಳೆ."

"ಮುಂದಿನ ವಾರ ನೋಡೋಣ."

ಮುಂದಿನ ವಾರವೂ ಅದನ್ನೇ ಹೇಳಿದ. ಶರತ್ಕಾಲಕ್ಕೆ ಅವಳಿಗೆ ಅಂಕಾರಾದಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ, ಮನೆಯ ಹಿರಿಯರಿಗೆ ಮಾಡುವಂತೆ, ಅವನ ಕೈಗೆ ಮುತ್ತಿಟ್ಟು ಹಣೆಗೊತ್ತಿಕೊಂಡಳು.

ಈಗ ಬಂದಿರುವ ವಿದ್ಯಾರ್ಥಿ ಕಿವಿಯಿಂದ ಇಯರ್‌ಫೋನ್ ತೆಗೆಯುವುದಿಲ್ಲ. ಹಿಲ್ಮಿ ಶುಕ್ರವಾರ ತುಂಡುಗಳನ್ನು ನೆನೆಹಾಕಿ ಬೀಗ ಹಾಕುತ್ತಾನೆ. ಸೋಮವಾರ ಬಾಗಿಲು ತೆರೆಯುವವರೆಗೆ ಒಂದು ಮಾತಾಡಲೂ ಅವನಿಗೆ ಯಾರೂ ಇರುವುದಿಲ್ಲ.