ಕಣ್ಣಿನೊಳಗಿನ ಚುಕ್ಕಿ

ಬಟ್ಟೆ ಅಂಗಡಿಗಳಲ್ಲಿ ಹೊಸ ಉಡುಪು ತೊಟ್ಟು ನಿಲ್ಲುವ ಬೊಂಬೆಗಳಿಗೆ ಮುಖ ಬರೆಯುವುದು ಅವಳ ಕೆಲಸ. ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಅಕ್ಕ ಎನ್ನುತ್ತಾರೆ. ಹುಬ್ಬು, ರೆಪ್ಪೆ, ತುಟಿಯನ್ನೆಲ್ಲ ಚಕಚಕನೆ ಮುಗಿಸುವವಳು ಕಪ್ಪು ಪಾಪೆಯ ಮೇಲೆ ಬಿಳಿ ಚುಕ್ಕಿ ಇಡುವಾಗ ಮಾತ್ರ ಉಸಿರು ಬಿಗಿಹಿಡಿಯುತ್ತಾಳೆ. ಆಗ ಪಕ್ಕದಲ್ಲಿ ಯಾರೂ ಕೆಮ್ಮುವಂತಿಲ್ಲ.

ಇದಕ್ಕೆಲ್ಲ ಮೂಲ ಚಿಕ್ಕಮ್ಮನ ಮನೆಯ ಹಳೆಯ ಟೀವಿ. ಆಗ ಅವಳಿಗಿನ್ನೂ ಹಾಲುಹಲ್ಲು ಬೀಳುವ ವಯಸ್ಸು. ಪರದೆಯ ಮೇಲೆ ಹೆಂಗಸೊಬ್ಬಳು ನೆಟ್ಟಗೆ ಕೂತು ವಾರ್ತೆ ಓದುತ್ತಿದ್ದಳು. ಚಿಕ್ಕಮ್ಮ ಬಂದು ಪಟ್ಟನೆ ಗುಂಡಿ ತಿರುಗಿಸಿದಳು. ಮಾತಿನ ನಡುವೆಯೇ ಆ ಹೆಂಗಸು ಕುಗ್ಗಿ ಕುಗ್ಗಿ ಒಂದು ಬಿಳಿ ಚುಕ್ಕಿಯಾದಳು. ಚುಕ್ಕಿ ಸ್ವಲ್ಪ ಹೊತ್ತು ಕಪ್ಪು ಗಾಜಿನಲ್ಲಿ ನಿಂತಿತ್ತು. ಆಮೇಲೆ ಅದೂ ಇಲ್ಲ.

ಹುಡುಗಿ ಸೂರು ಹಾರಿಹೋಗುವಂತೆ ಕಿರುಚಿದಳು.

"ಏನಾಯ್ತೇ ನಿಂಗೆ?"

"ಅವರು ಒಳಗೇ ಇದ್ರು ಚಿಕ್ಕಮ್ಮ! ನೀನು ಆರಿಸಿಬಿಟ್ಟೆ!"

"ಅಯ್ಯೋ ಪೆದ್ದಿ, ನಾಳೆ ಮತ್ತೆ ಬರ್ತಾಳೆ ಬಿಡು. ಅವಳಿಗೂ ಊಟ ನಿದ್ದೆ ಬೇಡ್ವಾ?"

ಮರುದಿನ ಬಂದವಳು ಬೇರೆ ಹೆಂಗಸು.

ಅಂದಿನಿಂದ ಹುಡುಗಿ ಗೋಡೆ, ಸ್ಲೇಟು, ಬಸ್ಸಿನ ಮಬ್ಬುಗಾಜು, ಹೀಗೆ ಸಿಕ್ಕಿದ್ದರ ಮೇಲೆಲ್ಲ ಮುಖ ಬರೆದು ಕಣ್ಣಿಗೆ ಚುಕ್ಕಿ ಇಟ್ಟಳು. ಚುಕ್ಕಿ ಇದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ದೊಡ್ಡವಳಾದ ಮೇಲೆ, ಇದು ಮಕ್ಕಳ ಹೆದರಿಕೆ ಎಂದು ಬುದ್ಧಿಗೆ ಗೊತ್ತಾಯಿತು, ಕೈಗೆ ಗೊತ್ತಾಗಲಿಲ್ಲ.

ಈಗ ಆ ಕೈ ಸೋತಿದೆ. ಬಣ್ಣ ಕರಗಿಸುವ ಥಿನ್ನರಿನ ವಾಸನೆ ಅನ್ನದಲ್ಲೂ ಬರುತ್ತದೆ. ಸಂಜೆಯಾಗುವಷ್ಟರಲ್ಲಿ ಹೆಗಲು ಯಾರದೋ ಹೊರೆ ಹೊತ್ತಂತೆ ಜಗ್ಗುತ್ತದೆ. ಅಂಥದೊಂದು ಸಂಜೆ ಮಾಲೀಕ ಬಂದು, ಅಂಗಡಿಯವರು ವಾಪಸು ಕಳಿಸಿದ ಬೊಂಬೆಗಳ ಪಕ್ಕ ನಿಂತ.

"ಚುಕ್ಕಿ ಅಕ್ಕಾ, ಗಿರಾಕಿಗಳು ಹೆದರ್ತಾರಂತೆ. ಬೊಂಬೆ ನಮ್ಮನ್ನೇ ನೋಡುತ್ತೆ ಅಂತಾರಂತೆ. ಚುಕ್ಕಿ ಒರೆಸಿಬಿಡಿ. ಇನ್ನು ಮೇಲೆ ಇಡೋದೂ ಬೇಡ."

"ಒರೆಸಿದ್ರೆ ಸತ್ತ ಮೀನಿನ ಕಣ್ಣಾಗುತ್ತೆ."

"ಆಗ್ಲಿ ಬಿಡಿ. ಬೊಂಬೆ ಬಟ್ಟೆ ತೋರಿಸಿದ್ರೆ ಸಾಕು, ಸಂಸಾರ ಮಾಡ್ಬೇಕಾಗಿಲ್ಲ."

ಅವಳು ಹರಕು ಬಟ್ಟೆಯನ್ನು ಥಿನ್ನರಿನಲ್ಲಿ ಅದ್ದಿ, ಬೊಂಬೆಯ ಗಲ್ಲ ಹಿಡಿದಳು. ಕೈ ಮೇಲೇಳಲಿಲ್ಲ. ಜಗಳ ಆಡೋಣವೆಂದರೆ ಅದಕ್ಕೂ ತ್ರಾಣವಿಲ್ಲ.

"ನನ್ ಕೈಲಿ ಆಗಲ್ಲ. ಹಿಂದಿನ ಶೆಡ್ಡಿಗೆ, ಬೊಂಬೆ ಉಜ್ಜಿ ನುಣುಪು ಮಾಡೋ ಕೆಲಸಕ್ಕೆ ಹಾಕಿ."

"ಅಲ್ಲಿ ಬರೀ ಧೂಳು. ಸಂಬಳಾನೂ ಕಮ್ಮಿ. ತಲೆ ಕೆಟ್ಟಿದೆಯಾ?"

"ಕೆಟ್ಟು ಬಹಳ ವರ್ಷ ಆಯ್ತು ಬಿಡಿ."

ಮಾಲೀಕ ಗೊಣಗುತ್ತ ಬಟ್ಟೆಯನ್ನು ಕಿತ್ತುಕೊಂಡು ತಾನೇ ಒರೆಸಿದ. ಸುಲಭವಾಗಿ ಹೋಯಿತು. ಅವಳು ಮುಖ ತಿರುಗಿಸಲಿಲ್ಲ; ಪೂರ್ತಿ ಹೋಗುವವರೆಗೂ ನೋಡಿದಳು. ಬ್ರಶ್ಶು ತೊಳೆದಿಟ್ಟು ಶೆಡ್ಡಿಗೆ ನಡೆದಳು. ಅಲ್ಲಿ ಕೂತಿದ್ದವಳು ಸರಿದು ಜಾಗ ಬಿಟ್ಟಳು. ಚುಕ್ಕಿ ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಇನ್ನೂ ಮುಖ ಬರೆಯದ ತಲೆಯೊಂದನ್ನು ಮಡಿಲಿಗೆ ಎಳೆದುಕೊಂಡು ಉಜ್ಜತೊಡಗಿದಳು.