ಫ್ಲವರ್ ಅಂದ್ರ ಹೂವು

ನಾವು ದುಡಿಯಲು ಹೋಗಿದ್ದ ಕೊಂಕಣಿ ಸೀಮೆಯ ಡಿಚೋಲಿಯಲ್ಲಿ ಮಳೆ ಹಿಡಿಯಿತೆಂದರೆ ಆಗೆಲ್ಲ ಗಣಿ ನಿಲ್ಲುತ್ತಿತ್ತು. ಅದಿರಿನ ಲಾರಿ ಓಡಿಸುವ ಅಪ್ಪ ಮನೆಯಲ್ಲಿ ಕೂರುತ್ತಿದ್ದ. ಅದಿರು ಆರಿಸುವ ಅವ್ವನಿಗೂ ಕೆಲಸವಿಲ್ಲ. ಕೆಂಪು ಧೂಳು ಕುಡಿದ ಅವಳ ಎದೆ ಮಾತ್ರ ಮಳೆಗಾಲದಲ್ಲೂ ಕೆಮ್ಮುತ್ತಿತ್ತು.

ನಾನು ಐದನೇ ಇಯತ್ತೆ. ಒಂದು ಸಂಜೆ ಪಕ್ಕದ ಮನೆಯ ಕಸ್ತೂರಕ್ಕ ಬಾಗಿಲಲ್ಲೇ ನಿಂತು ಕೂಗಿದಳು.

"ಕುಂಡಯಿ ಫ್ಯಾಕ್ಟರಿಯಾಗ ಫ್ಲವರ್ ಸೆಕ್ಷನ್‌ಗೆ ಹೆಣ್ಮಕ್ಕಳು ಬೇಕಂತ. ನಾಳೆನ ಬರ್ರಿ ಅಂದಾರ."

ಅವ್ವ ನನ್ನ ಕಡೆ ತಿರುಗಿದಳು. "ಫ್ಲವರ್ ಅಂದ್ರ ಏನ?"

"ಹೂವು," ಅಂದೆ. ಒಂದನೇ ಇಯತ್ತೆಯಿಂದ ಗೊತ್ತಿದ್ದ ಶಬ್ದ.

ಅವ್ವನ ಮುಖ ಅರಳಿತು. "ಕುಂತು ಹೂ ಕಟ್ಟೂದು! ಧೂಳಿಂದ ಪಾರಾದೆ ನೋಡ್ರಿ. ತಾಯಿ ಎಲ್ಲವ್ವ, ನಾಳೆ ನಿನಗ ಮಲ್ಲಿಗಿ ಮಾಲಿ ತರತೇನಿ."

ಮರುದಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಬಾಯಿ, ಅಂದರೆ ನಮ್ಮ ಟೀಚರು, ಹಲಗೆಯ ಮೇಲೆ ಎರಡು ಶಬ್ದ ಬರೆದರು. ಒಂದರ ಮುಂದೆ ಹೂವಿನ ಚಿತ್ರ, ಇನ್ನೊಂದರ ಮುಂದೆ ಚೀಲ. "ಕಿವಿಗೆ ಎರಡೂ ಫ್ಲವರ್. ಕಣ್ಣಿಗೆ ಬೇರೆ. ಮೊದಲನೇದರಾಗ ಡಬ್ಲ್ಯೂ ಐತಿ, ಅದು ಹೂವು. ಇದರಾಗ ಯು ಐತಿ, ಇದು ಹಿಟ್ಟು. ಸಮಜಲೆಂ?" ಕೊಂಕಣಿ ಬಾಯಿ ನಮಗಾಗಿ ಕಲಿತ ಕನ್ನಡ ಅದು. ಎಲ್ಲರೂ ಹೌದ್ರಿ ಅಂದರು. ನಾನು ಮಾತ್ರ ಆ ಚೀಲದ ಚಿತ್ರವನ್ನೇ ನೋಡುತ್ತ ಕೂತೆ.

ಅವ್ವ ಕತ್ತಲಾಗುವ ಹೊತ್ತಿಗೆ ಬಸ್ಸಿಳಿದು ಬಂದಳು. ರೆಪ್ಪೆ, ಹುಬ್ಬು, ಹೆರಳು ಎಲ್ಲ ಬಿಳಿ. ಮಳೆಗೆ ನೆನೆದ ಕಡೆ ಹಿಟ್ಟು ಅಂಟಿಕೊಂಡಿತ್ತು. ಹಸಿ ಮೈದಾದ ವಾಸನೆ.

"ಮುಂಜಾನೆ ಹೋದಾಕಿ ಮುದುಕಿ ಆಗಿ ಬಂದಿಯಲ್ಲ," ಅಂದ ಅಪ್ಪ.

ಅವ್ವ ಕೆಮ್ಮಿದಳು, ನಕ್ಕಳು, ಮತ್ತೆ ಕೆಮ್ಮಿದಳು. "ನೋಡವಾ, ನಿನ್ನ ಹೂವು ಮೈತುಂಬ ಅರಳೇತಿ."

ಬಾಯಿ ಹೇಳಿದ್ದನ್ನು ಅಳುತ್ತ ಹೇಳಿದೆ.

"ಒಂದ ದಿನ ಮೊದಲ ಹೇಳಬಾರದಿತ್ತೇನ ನಿಮ್ಮ ಬಾಯಿ?" ಅಂದವಳು ನನ್ನ ಕಣ್ಣೊರೆಸಿದಳು. ನನ್ನ ಕೆನ್ನೆಗೂ ಹಿಟ್ಟು ಹತ್ತಿತು.

"ನಾಳೆ ಹೋಗಬ್ಯಾಡ ಅವ್ವಾ."

"ಮತ್ತ ಉಣ್ಣೂದೇನ? ಗಣಿ ಕೆಂಪು ಧೂಳು, ಇದು ಬಿಳಿ. ಇಷ್ಟ ಫರಕು."

ಹರಿದ ಚೀಲದ ಹಿಟ್ಟನ್ನು ಮನೆಗೆ ಒಯ್ಯಲು ಬಿಟ್ಟಿದ್ದರು. ಸೆರಗಿನ ಗಂಟು ಬಿಚ್ಚಿ, ಬೆಲ್ಲದ ನೀರು ಹಾಕಿ ನಾದಿ, ಪುಟ್ಟ ಹಿಟ್ಟಿನ ದೀಪ ಮಾಡಿದಳು. ಎಲ್ಲವ್ವನ ಪಟದ ಮುಂದೆ ಹಚ್ಚಿ, "ಹೂವು ಸಿಗಲಿಲ್ಲ ತಾಯಿ, ಇದನ್ನ ಹೂವಂತ ತಿಳಕೋ," ಅಂದಳು. ದೀಪ ಆರಿದ ಮೇಲೆ ಅದನ್ನೇ ಮುರಿದು ನನಗೆ ತಿನ್ನಿಸಿದಳು.

ಮಳೆ ನಿಂತರೂ ಅವಳು ಗಣಿಗೆ ಮರಳಲಿಲ್ಲ. ನೆರಳಿನ ಕೆಲಸ ಎಂಬುದೇ ಅವಳಿಗೆ ದೇವರ ದಯೆ. ಕೆಮ್ಮು ಮಾತ್ರ ಬಿಡಲಿಲ್ಲ. ಕಡೆಗೆ ಅವಳನ್ನೇ ಕರೆದೊಯ್ದಿತು.

ಈಗ ನನ್ನ ಮನೆಯ ಮುಂದೆ ಮಲ್ಲಿಗೆ ಬಳ್ಳಿಯಿದೆ. ಎಲ್ಲವ್ವನಿಗೆ ಹೂವಿನ ಕೊರತೆಯಿಲ್ಲ, ಅದೂ ಅವಳು ಕೊಟ್ಟದ್ದೇ. ಆದರೂ ಶುಕ್ರವಾರ ಹಿಟ್ಟಿನ ದೀಪ ತಪ್ಪಿಸುವುದಿಲ್ಲ. ಹಿಟ್ಟು ಜರಡಿ ಹಿಡಿಯುವಾಗ ನನಗೂ ಕೆಮ್ಮು ಬರುತ್ತದೆ. ಅವ್ವ ಬಂದಳೇನೋ ಎಂದು ಕೈ ನಿಲ್ಲುತ್ತದೆ. ಕೆಮ್ಮಿದ್ದು ನಾನೇ.