ಉಪ್ಪಕ್ಕನ ಹೊಂಡ

ಉಪ್ಪಕ್ಕನನ್ನು ನಾನು ಮೊದಲು ನೋಡಿದ್ದು ತೊಗಲು ಮಂಡಿಯ ಹಿಂಬಾಗಿಲಲ್ಲಿ, ಇಳಿಹೊತ್ತಿನಲ್ಲಿ. ಮೊಣಕೈವರೆಗೆ ರಬ್ಬರ್ ಗವಸು. ರೆಪ್ಪೆಯ ಮೇಲೂ ಉಪ್ಪಿನ ಪುಡಿ. ಹಸಿ ತೊಗಲಿಗೆ ಉಪ್ಪು ಸವರಿ ಒಂದರ ಮೇಲೊಂದು ಅಡುಕುವುದು ಅವರ ಕೆಲಸ. ನಾನು ಕಪ್ಪೆಗಳ ಎಣಿಕೆಗೆ ಬಂದವಳು. ಎರಡು ದಿನದಲ್ಲಿ ಏಳು ಕೆರೆ ಸುತ್ತಿದ್ದೆ. ತಳದ ಕಲ್ಲು ಕಾಣುವಷ್ಟು ತಿಳಿನೀರು, ದಡದ ತುಂಬ ಜೊಂಡು. ಆದರೆ ಒಂದು ಕಪ್ಪೆಯೂ ಕೂಗಲಿಲ್ಲ. ಕೊನೆಗೆ ಸದ್ದು ಕೇಳಿದ್ದು ಇಲ್ಲಿ, ಮಂಡಿಯ ತೊಳೆನೀರು ಬಂದು ನಿಲ್ಲುವ ಹೊಂಡದಲ್ಲಿ.

“ಅಷ್ಟೆಲ್ಲ ಓದಿ ಕಪ್ಪೆ ಹಿಡಿಯೋಕೆ ಬಂದ್ಯಾ ತಾಯಿ?” ಎಂದು ನಕ್ಕರು.

ಹೊಂಡ ನಾರುತ್ತಿತ್ತು. ಅಂಚಿನಲ್ಲಿ ಕೂತ ಕಪ್ಪೆಗಳು ಬಡಕಲಾಗಿದ್ದವು. ಇವನ್ನು ಒಳ್ಳೆಯ ಕೆರೆಗೆ ಬಿಡೋಣ ಅಕ್ಕ, ಎಂದೆ. ಅವರ ನಗು ನಿಂತಿತು.

ಹಿಂದಿನ ವರ್ಷ ಅವರೂ ಹಾಗೇ ಮರುಗಿ, ಹನ್ನೆರಡನ್ನು ಬಕೆಟ್ಟಿನಲ್ಲಿ ಒಯ್ದು ಹತ್ತಿರದ ಕೆರೆಗೆ ಬಿಟ್ಟಿದ್ದರಂತೆ. ಮೊದಲ ಕೆಲವು ದಿನ ಸಂಜೆ ಕೂಗಿದವು. ಮೂರನೆಯ ವಾರ ಹೋದರೆ ಹನ್ನೊಂದು ದಡದಲ್ಲಿ ಸಾಲಾಗಿ ಕೂತಿದ್ದವು, ಕಣ್ಣು ಬಿಟ್ಟುಕೊಂಡೇ. ಒಂದನ್ನು ಎತ್ತಿದಾಗ ತೊಗಲು ಕೈಗೆ ಅಂಟಿ ಬಂತು.

“ದಿನಾ ಸತ್ತ ತೊಗಲು ಮುಟ್ಟೋ ಕೈ ಇದು. ಅವತ್ತು ಮಾತ್ರ ಮೂರು ಸಲ ತೊಳ್ಕೊಂಡೆ,” ಎಂದರು.

ಉಸಿರಿದ್ದ ಹನ್ನೆರಡನೆಯದನ್ನು ಹೊಂಡಕ್ಕೆ ವಾಪಸು ತಂದರು. ಅದು ಬದುಕಿತು.

ನಾನು ಕಳಿಸಿದ್ದ ಕೆರೆನೀರಿನ ಮಾದರಿಗಳಿಗೆ ಪ್ರಯೋಗಾಲಯದ ಉತ್ತರ ಬಂದಾಗ ನನಗೂ ತಿಳಿಯಿತು: ಏಳೂ ಕೆರೆಗಳಲ್ಲಿ ಕಪ್ಪೆಯ ತೊಗಲು ತಿನ್ನುವ ಬೂಷ್ಟು ಇತ್ತು. ಉಪ್ಪುನೀರಿನಲ್ಲಿ ಅದಕ್ಕೆ ಏಳಿಗೆಯಿಲ್ಲ. ಹೊಂಡ ಕಪ್ಪೆಗಳಿಗೆ ಹಿತವಾದ ಜಾಗವೇನಲ್ಲ. ಸಾವು ಅಲ್ಲಿವರೆಗೆ ಬರಲಾರದು, ಅಷ್ಟೆ.

ಮುಂದಿನ ವರ್ಷ ಮಂಡಿ ಮುಚ್ಚಿತು. ಹೊಂಡ ತೊಳೆದು ಸಿಹಿನೀರು ತುಂಬಿಸಲು ಮೇಸ್ತ್ರಿಯೊಬ್ಬ ಪೈಪು ತಂದ. ಉಪ್ಪಕ್ಕ ಅಡ್ಡ ನಿಂತರು.

“ಮೊದ್ಲು ಆ ಕೆರೆ ಹತ್ರ ಒಂದು ಗಳಿಗೆ ಕೂತು ಬಾ ಮೇಸ್ತ್ರಿ. ಏನು ಕೇಳಿಸ್ತು ಹೇಳು, ಆಮೇಲೆ ತೊಳೆಯುವಂತೆ.”

ಇದೇನು ಹುಚ್ಚು ಎಂದು ಗೊಣಗುತ್ತ ಅವನು ಹೋದ. ಬೇಗನೇ ಬಂದ. “ಅಲ್ಲಿ ಒಂದು ಕಪ್ಪೆನೂ ಕೂಗ್ಲಿಲ್ಲ,” ಎಂದು ಪೈಪು ಸುತ್ತಿ ಗಾಡಿಗೆ ಹಾಕಿಕೊಂಡ.

ಈಗ ಉಪ್ಪಕ್ಕ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾರೆ. ವಾರಕ್ಕೊಮ್ಮೆ ಹೊಂಡಕ್ಕೆ ಬಂದು, ಬೆರಳದ್ದಿ ನಾಲಿಗೆಗೆ ಹಚ್ಚಿಕೊಳ್ಳುತ್ತಾರೆ. ನೀರು ಬೆವರಿನಷ್ಟು ಉಪ್ಪಾಗಿರದಿದ್ದರೆ, ಮಂಡಿಯಲ್ಲಿ ಉಳಿದ ರಾಶಿಯಿಂದ ಉಪ್ಪು ತಂದು ಕರಗಿಸುತ್ತಾರೆ.